ಒಂದು ಪ್ಯಾನ್, ಮೂವರು ಸಿದ್ಧರಾಮರು

ನಮ್ಮ ಮನೆಗೆ ವರ್ಷದಿಂದ ಊಟ ತಂದುಕೊಡುವ ಸಿದ್ಧರಾಮ ಒಬ್ಬನಲ್ಲ, ಮೂವರು! ನನಗಿದು ಗೊತ್ತಾದದ್ದು ಮೊನ್ನೆ ಭಾನುವಾರ ಮಧ್ಯಾಹ್ನ. ದಾಲ್ ಖಿಚಡಿಯ ಪೊಟ್ಟಣ ಹಿಡಿದು ಹಾಗೇ ನಿಂತುಬಿಟ್ಟೆ.

ಆದದ್ದಿಷ್ಟು. ಇವು ಆದಾಯ ತೆರಿಗೆ ರಿಟರ್ನ್ ತುಂಬುವ ದಿನಗಳಲ್ಲವೇ? ಸೊಲ್ಲಾಪುರದಲ್ಲಿ ನಮ್ಮದು ಪಾತ್ರೆ ಅಂಗಡಿ. ಯಜಮಾನರು ಹಾಲ್ ತುಂಬ ಫೈಲು ಹರಡಿಕೊಂಡು ಕೂತಿದ್ದರು. ನಾನು ಆ್ಯಪ್‌ನಲ್ಲಿ ಊಟ ತರಿಸಿದ್ದೆ. (ಒಲೆ ಆರಿಸಲು ನನಗೆ ನೆಪ ಸಾಕು.) ಪೊಟ್ಟಣ ಕೊಟ್ಟ ಹುಡುಗ ಹೋಗಲಿಲ್ಲ. ಫೈಲುಗಳನ್ನೇ ನೋಡುತ್ತಿದ್ದ. ನಾವಿಬ್ಬರು ಕನ್ನಡದಲ್ಲಿ ಮಾತಾಡುವುದು ಕೇಳಿ ತಾನೂ ಮರಾಠಿ ಬಿಟ್ಟ. ಇನ್‌ಕಮ್ ಟ್ಯಾಕ್ಸ್ ನೋಟಿಸ್ ಬಂದಿದೆ, ತಿಳಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ.

"ನಿನ್ನ ಹೆಸರೀಲೇ ಬಂದೈತೇನೊ, ಸಿದ್ಧರಾಮ?" ಎಂದೆ, ಆ್ಯಪ್‌ನಲ್ಲಿ ದಿನಾ ಕಾಣುವ ಹೆಸರು ಹಿಡಿದು.

ಹೆಲ್ಮೆಟ್ ತೆಗೆದ. "ನಾ ಸಿದ್ಧರಾಮ ಅಲ್ರಿ ಅಕ್ಕಾರ. ಅಂವ ನಮ್ಮ ದೊಡ್ಡಣ್ಣ. ನಾ ರೇವಣಸಿದ್ಧ. ಹಗಲಿ ನಾ, ಸಂಜೀಕ ನಡುವಿನಣ್ಣ. ದೊಡ್ಡಣ್ಣಗ ಬೆನ್ನಬ್ಯಾನಿ. ಆ್ಯಪ್ ಮುಖಾ ತೋರ್ಸು ಅಂದಾಗ ಸೆಲ್ಫಿ ಕೊಟ್ಟು ರೂಮಿನ್ಯಾಗ ರೊಟ್ಟಿ ಬಡೀತಾನ. ಬ್ಯಾನಿ ಕಡಿಮಿ ಇದ್ದಾಗ ಅಂವನೂ ಹೊಕ್ಕಾನ."

ಮೈಂದರ್ಗಿಯ ಒಕ್ಕಲು ಮನೆತನದವರು. ಒಂದು ಗಾಡಿ, ಒಂದು ಫೋನು, ಒಂದು ಐಡಿ. ಮೂವರೂ ಬೇರೆ ಬೇರೆ ಐಡಿ ಯಾಕೆ ಮಾಡಿಸಲಿಲ್ಲ ಎಂದರೆ ನನ್ನನ್ನೇ ವಿಚಿತ್ರವಾಗಿ ನೋಡಿದ. ಅವರ ಮನೆಯಲ್ಲಿ ಕಬ್ಬಿನ ಬಿಲ್ಲು, ಹಾಲಿನ ದುಡ್ಡು ಎಲ್ಲವೂ ದೊಡ್ಡಣ್ಣನ ಖಾತೆಗೇ ಬರುವುದು. ಹೊಲದ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಇದುವರೆಗೆ ಯಾರೂ ಕೇಳಿರಲಿಲ್ಲ. ಕಬ್ಬು ಬೆಳೆದರೆ ಕೇಳದವರು ಖಿಚಡಿ ಹೊತ್ತರೆ ಕೇಳುತ್ತಾರೆಂದು ಯಾರಿಗೆ ಗೊತ್ತು?

ಕಂಪನಿಗೆ ಇವರು ಕೆಲಸಗಾರರಲ್ಲ. ಕಾಗದದ ಮೇಲೆ ಸಿದ್ಧರಾಮ ಸ್ವಂತ ಉದ್ಯೋಗಿ, ಅಂದರೆ ನಮ್ಮ ಯಜಮಾನರಂತೆ ಸಾಹುಕಾರ! ಕಂಪನಿ ಅಷ್ಟಿಷ್ಟು ತೆರಿಗೆ ಮುರಿದುಕೊಂಡು ಅವನ ಪ್ಯಾನ್‌ಗೆ ತೋರಿಸಿದೆ. ಬೆಳಗಿನ ನಾಷ್ಟಾದಿಂದ ರಾತ್ರಿ ಊಟದವರೆಗೆ ಒಂದು ದಿನವೂ ರಜೆಯಿಲ್ಲದೆ ಗಾಡಿ ಓಡಿಸುವ ಮನುಷ್ಯ ರಿಟರ್ನ್ ಯಾಕೆ ತುಂಬಿಲ್ಲ ಎಂಬುದು ಇಲಾಖೆಯ ಪ್ರಶ್ನೆ.

ದೊಡ್ಡಣ್ಣನ ಮಗಳು ಅಕ್ಕಲಕೋಟೆಯಲ್ಲಿ ಕಾಲೇಜು ಓದುತ್ತಿದ್ದಾಳೆ. ಅಪ್ಪನ ಆದಾಯ ಇಷ್ಟಿದ್ದರೆ ಫೀ ರಿಯಾಯಿತಿ ಇಲ್ಲ. ಪೂರ್ತಿ ಫೀ ಕಟ್ಟುವ ಶಕ್ತಿ ಮನೆಗಿಲ್ಲ. ರಿಯಾಯಿತಿ ಅರ್ಜಿಗೆ ಶುಕ್ರವಾರ ಕಡೆಯ ದಿನ.

ನನ್ನ ಕಣ್ಣು ಟೀಪಾಯಿ ಮೇಲೆ ಹೋಯಿತು. ನಾಲ್ಕು ಫೈಲು. ಯಜಮಾನರದ್ದು, ಅತ್ತೆಯವರದ್ದು, ಅವಿಭಕ್ತ ಕುಟುಂಬದ ಹೆಸರಿನದ್ದು, ನನ್ನದು. ಅಂಗಡಿ ಮಾತ್ರ ಒಂದೇ! ನಾನು ಯಾವ ವ್ಯಾಪಾರ ಮಾಡುತ್ತೇನೆ ಎಂಬುದು ನಮ್ಮ ಆಡಿಟರಿಗೇ ಗೊತ್ತು. (ಎಲ್ಲ ಕಾಯ್ದೆ ಪ್ರಕಾರವೇ ಇದೆಯಂತೆ.) ಮೂವರ ದುಡಿಮೆ ಒಂದು ಹೆಸರಿಗೆ, ನಮ್ಮದು ಒಂದೇ ದುಡಿಮೆ ನಾಲ್ಕು ಹೆಸರಿಗೆ. ನಾಚಿಕೆಯಾಯಿತು ನನಗೆ.

ಆಡಿಟರಿಗೆ ಫೋನ್ ಹಚ್ಚಿದೆವು. ದುಡಿದವರು ಮೂವರು ಎಂದು ತೋರಿಸಿದರೆ ಆದಾಯ ಹಂಚಿ ತೋರಿಸಲು ಪ್ರಯತ್ನಿಸಬಹುದು ಎಂದರು. ಆದರೆ ಪುರಾವೆ ಬೇಕು. ಮೂವರ ಕೈಯಿಂದಲೂ ಊಟ ಪಡೆದ ಗಿರಾಕಿ ಯಾರಾದರೂ ಬರೆದುಕೊಟ್ಟರೆ ಅನುಕೂಲ. ಕಂಪನಿಗೆ ತಿಳಿದರೆ ಐಡಿ ಹೋದೀತು ಎಂದು ಯಜಮಾನರು ಎಚ್ಚರಿಸಿದರು.

"ಐಡಿ ಹೋದ್ರ ಹೋಗ್ಲಿರಿ, ಪೋರಿ ಕಾಲೇಜ ಉಳೀಲಿ" ಎಂದ ರೇವಣಸಿದ್ಧ. ಆಮೇಲೆ ನನ್ನ ಕಡೆ ತಿರುಗಿದ. "ನಿಮ್ಮ ಮನಿಗಿ ಮೂರೂ ಮಂದಿ ಬಂದೀವ್ರಿ ಅಕ್ಕಾರ. ನೀವಽ ನೋಡೀರಿ. ಬರದು ಕೊಡ್ರಿ."

ಪೆನ್ನು ಹಿಡಿದೆ. ವರ್ಷವಿಡೀ ಬಾಗಿಲು ತೆರೆದವಳು ನಾನೇ. ಥ್ಯಾಂಕ್ಸ್ ಹೇಳಿದ್ದೇನೆ, ಐದು ಸ್ಟಾರ್ ಒತ್ತಿದ್ದೇನೆ, ಊಟ ಆರಿದೆ ಎಂದು ರೇಗಿದ್ದೇನೆ. ಎದುರಿಗಿದ್ದ ಈ ಹುಡುಗನ ಮುಖವನ್ನು ಸರಿಯಾಗಿ ನೋಡಿದ್ದು ಮಾತ್ರ ಅವತ್ತೇ ಮೊದಲು.

ಮೂವರನ್ನೂ ಕಣ್ಣಾರೆ ನೋಡಿದ್ದೇನೆ ಎಂದು ಹೇಗೆ ಸಹಿ ಹಾಕಲಿ?