ಮನೇಲಿ ‘ಕೂತವರನ್ನು’ ಎಣಿಸುವ ಝೂರಾಕಾನ್

ಬೆಳಗಿನ ಐದೂವರೆ. ಏಪ್ರಿಲ್ ಬಂದರೂ ಕೋಕ್-ಬುಲಾಕ್ ಹಳ್ಳಿಯ ಅಂಗಳಗಳಲ್ಲಿ ನೆಲ ಇನ್ನೂ ಹೆಪ್ಪುಗಟ್ಟಿದೆ. ಐವತ್ತೊಂದರ ಝೂರಾಕಾನ್ ಗಂಡನ ಹಳೇ ಕೋಟು ತೊಟ್ಟು, ಕಂಕುಳಲ್ಲಿ ಫಾರಂಗಳ ಕಟ್ಟು ಅವುಚಿಕೊಂಡು ಅದೇ ಊರಿನ ಬೂರುಲ್ ಎಂಬ ಹೆಂಗಸಿನ ಕೊಟ್ಟಿಗೆಗೆ ಬರುತ್ತಾರೆ. ಜೊತೆಗೆ ಜಿಲ್ಲಾ ಕಚೇರಿಯ ತಪಾಸಣೆಗಾರ ಎಸೆನ್. ಅವನಿಗೆ ಕಣ್ಣೇ ಸರಿಯಾಗಿ ಬಿಟ್ಟಿಲ್ಲ. ಇಷ್ಟು ಬೇಗ ಯಾಕೆ ಎಂದು ಗೊಣಗುತ್ತಾನೆ.

“ಹತ್ತು ಗಂಟೆಗೆ ಬಂದ್ರೆ ಎಲ್ರೂ ಕೈ ತೊಳ್ಕೊಂಡು ಚಹಾ ಮುಂದೆ ಇರ್ತಾರೆ ತಮ್ಮಾ. ಆಗ ಕೇಳಿದ್ರೆ ಏನೂ ಮಾಡಿಲ್ಲ ಅಂತಾರೆ. ಅವರಿಗೇ ನೆನಪಿರಲ್ಲ,” ಎನ್ನುತ್ತಾರೆ ಝೂರಾಕಾನ್.

ಇಪ್ಪತ್ತೆರಡು ವರ್ಷದಿಂದ ಪ್ರತಿ ವಸಂತದಲ್ಲೂ ಅವರದು ಇದೇ ತಿರುಗಾಟ. ಮೂರು ಹಳ್ಳಿ, ಇನ್ನೂರ ನಲವತ್ತು ಮನೆ, ದಿನಕ್ಕೆ ಒಂಬತ್ತು. ಪ್ರತಿ ಮನೆಗೂ ಅರವತ್ತನಾಲ್ಕು ಪ್ರಶ್ನೆ. ಫಾರಂ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ಆರ್ಥಿಕ ಅಭಿವೃದ್ಧಿ ಸಮೀಕ್ಷೆ’ ಎಂದಿರುತ್ತದೆ. ರಾಜಧಾನಿಯಲ್ಲಿ ಕುಳಿತವರು ಯಾವ ಊರು ಮುಂದಕ್ಕೆ ಹೋಯಿತು, ಯಾವುದು ಹಿಂದೆ ಬಿತ್ತು ಎಂದು ತೀರ್ಮಾನಿಸುವುದು ಈ ಕಾಗದ ನೋಡಿಯೇ. ಕಾಗದ ತುಂಬಿದವರು ಯಾರೆಂದು ಅವರಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ!

ತಕರಾರು ಇರುವುದು ಹದಿನೇಳನೇ ಪ್ರಶ್ನೆಯಲ್ಲಿ. “ನೀವು ಕೆಲಸ ಮಾಡುತ್ತೀರಾ?” ಕೇಳಲು ಎಷ್ಟು ಸರಳ! ಆದರೆ ಈ ಕಡೆ ‘ಇಶ್’, ಅಂದರೆ ಕೆಲಸ, ಎಂದರೆ ಶಾಲೆಯದ್ದು, ಆಸ್ಪತ್ರೆಯದ್ದು, ಕಚೇರಿಯದ್ದು. ಜಮೀನೆಲ್ಲ ಸರ್ಕಾರದ್ದಾಗಿದ್ದ ಸಾಮೂಹಿಕ ಬೇಸಾಯದ ಕಾಲದಿಂದಲೂ, ನೌಕರಿಯ ದಾಖಲೆಗೆಂದು ಕೊಡುವ ದುಡಿಮೆಯ ಪುಸ್ತಕದಲ್ಲಿ ಮೊಹರು ಬಿದ್ದರೆ ಮಾತ್ರ ಅದು ಕೆಲಸ. ಹೋದ ವರ್ಷ ಝೂರಾಕಾನ್ ಇದೇ ಪ್ರಶ್ನೆ ಕೇಳಿದಾಗ ಬೂರುಲ್ ಮೊಣಕೈವರೆಗೂ ಒದ್ದೆ ಉಣ್ಣೆಯಲ್ಲಿ ಮುಳುಗಿ ಕಂಬಳಿ ಮಿದಿಯುತ್ತಿದ್ದಳು. “ಇಲ್ಲ ಎಜೆ, ಮನೇಲೇ ಕೂತಿದ್ದೀನಿ,” ಎಂದಳು. ಎಜೆ, ಅಂದರೆ ಅಕ್ಕ, ಸೊನ್ನೆ ಬರೆದುಕೊಂಡರು.

ಆ ಚಳಿಗಾಲದಲ್ಲಿ ಬೂರುಲ್ ಹಾಲು ಕರೆಯಲು ಹೋದಾಗ ಒಳಗೆ ಅವಳ ಎರಡು ವರ್ಷದ ಮಗಳು ಒಲೆಗೆ ಕೈಯಿಟ್ಟು ಸುಟ್ಟುಕೊಂಡಳು. ತಾಯಂದಿರೆಲ್ಲ ಸೇರಿ ಶಿಶುವಿಹಾರ ಬೇಕೆಂದು ಅರ್ಜಿ ಹಾಕಿದರು. ಉತ್ತರ ಬಂತು: ಕನಿಷ್ಠ ಅರವತ್ತು ದುಡಿಯುವ ತಾಯಂದಿರು ಬೇಕು, ನಿಮ್ಮ ಮೂರು ಹಳ್ಳಿ ಸೇರಿ ಹದಿಮೂರೇ ಮಂದಿ ಇದ್ದಾರೆ, ಮನೆಯಲ್ಲೇ ಇರುವವರಿಗೆ ಶಿಶುವಿಹಾರವೇಕೆ?

“ಆ ಹದಿಮೂರು ಬರೆದಿದ್ದು ಈ ಕೈಯೇ,” ಎಂದು ಝೂರಾಕಾನ್ ಬಲಗೈ ಮುಂದೆ ಚಾಚುತ್ತಾರೆ. “ಮಗುವಿನ ಕೈ ನೋಡಿದಾಗೆಲ್ಲ ನಾನು ಬರೆದ ಸೊನ್ನೆ ನೆನಪಾಗುತ್ತೆ.”

ಈ ವರ್ಷ ಅವರು ನಿಯಮದ ಪುಸ್ತಕ ತೆಗೆದು ಓದಿದರು. ಮೂವತ್ತೊಂದನೇ ಪುಟದಲ್ಲಿ ವ್ಯಾಖ್ಯಾನ ಅಚ್ಚುಕಟ್ಟಾಗಿಯೇ ಇತ್ತು. ವಾರದಲ್ಲಿ ಒಂದು ಗಂಟೆ ಮಾರಾಟದ ಹಾಲು ಕರೆದರೂ, ಉಣ್ಣೆ ಮಿದ್ದರೂ ದುಡಿಮೆಯೇ. ಇಷ್ಟು ಅಗಲದ ವ್ಯಾಖ್ಯಾನ ಬಾಗಿಲಲ್ಲಿ ಕೇಳುವ ಒಂದೇ ಪದಕ್ಕೆ ಸಿಕ್ಕಿಹಾಕಿಕೊಂಡಿತ್ತು. ಝೂರಾಕಾನ್ ಆ ಪದವನ್ನೇ ಬದಲಿಸಿದರು. ‘ಇಶ್’ ಬಿಟ್ಟು ‘ತಿರಿಚಿಲಿಕ್’ ಎಂದು ಕೇಳತೊಡಗಿದರು. ನಮ್ಮ ಹಳ್ಳಿಗಳಲ್ಲಿ “ಮನೆ ಬದುಕೆಲ್ಲ ಮುಗೀತೇನೇ?” ಅಂತಾರಲ್ಲ, ಆ ‘ಬದುಕು’. “ಹೋದ ವಾರ ಏನೇನು ಬದುಕು ಮಾಡಿದೆ?” ಎಂದರೆ ಸಾಕು, ಹೆಂಗಸರ ಬಾಯಿಗೆ ಬಿಡುವೇ ಇಲ್ಲ.

ಹದಿಮೂರು ಇದ್ದದ್ದು ನೂರ ಎಪ್ಪತ್ತೊಂದಾಯಿತು. ಕಚೇರಿಯಿಂದ ಫೋನು: “ಏನ್ ಎಜೆ, ನಿಮ್ಮೂರಿಗೆ ಕಾರ್ಖಾನೆ ಏನಾದ್ರೂ ಬಂತಾ?”

“ಇಲ್ಲ ತಮ್ಮಾ. ಪದ ಬದಲಾಯಿಸಿದೆ.”

ಅಷ್ಟಕ್ಕೇ ಎಲ್ಲ ಫಾರಂ ತಡೆಹಿಡಿದರು. ಐದು ಮನೆಗಳಲ್ಲಿ ಅಚ್ಚಾದ ಪದದಲ್ಲೇ ಮರುತಪಾಸಣೆ, ಝೂರಾಕಾನ್ ತುಟಿ ಬಿಚ್ಚುವ ಹಾಗಿಲ್ಲ. ತಪ್ಪು ಎಂದು ಕಂಡರೆ ಎಲ್ಲವೂ ಮತ್ತೆ ಸೊನ್ನೆ. ಶಿಶುವಿಹಾರವೂ ಇಲ್ಲ, ಮುಂದಿನ ವರ್ಷದಿಂದ ಝೂರಾಕಾನ್‌ಗೆ ಫಾರಂಗಳೂ ಇಲ್ಲ. ಎಸೆನ್ ಬಂದಿರುವುದು ಅದಕ್ಕೆ.

“ನೀವು ಕೆಲಸ ಮಾಡ್ತೀರಾ?” ಎಸೆನ್ ಓದುತ್ತಾನೆ.

“ನಾನಾ? ಅಯ್ಯೋ ಇಲ್ಲಪ್ಪ. ಮನೇಲೇ ಕೂತಿದ್ದೀನಿ.”

ಝೂರಾಕಾನ್ ಕಣ್ಣು ಮುಚ್ಚಿಕೊಳ್ಳುತ್ತಾರೆ. ಪೆನ್ನು ಕಾಗದದ ಮೇಲೆ ಇಳಿಯುವಷ್ಟರಲ್ಲಿ ಬೂರುಲ್, “ಸ್ವಲ್ಪ ಆ ಕಡೆ ಸರೀರಿ, ಹಾಲಿನ ಗಾಡಿ ಬರೋ ಹೊತ್ತು,” ಎಂದು ಕ್ಯಾನಿಗೆ ಕೈ ಹಾಕುತ್ತಾಳೆ. ಎಸೆನ್ ಮರ್ಯಾದೆಗೆಂದು ಇನ್ನೊಂದು ಹಿಡಿಕೆ ಹಿಡಿಯುತ್ತಾನೆ. ನಲವತ್ತು ಲೀಟರಿನ ಕ್ಯಾನು. ಹುಡುಗನ ಮೊಣಕಾಲು ಬಾಗುತ್ತದೆ.

“ದಿನಾ ಯಾರು ಇದನ್ನ ಎತ್ತೋದು?”

“ಇನ್ಯಾರು, ನಾನೇ.”

“ಹಾಲು ಕರೆಯೋದು?”

“ಮತ್ತೆ? ಹಸು ತಾನೇ ಕರ್ಕೊಂಡು ಕೊಡುತ್ತಾ?”

ಬಾಗಿಲಲ್ಲಿ ನಿಂತಿದ್ದ ಅತ್ತೆ ಬಾತ್ಮಾ ಅಜ್ಜಿಗೆ ತಡೆಯಲಾಗುವುದಿಲ್ಲ. ಸೊಸೆಯನ್ನು ಹೊಗಳಿ ಅಭ್ಯಾಸವಿಲ್ಲದ ಬಾಯಿ ಅದು. “ಕೂತಿದ್ದಾಳಂತೆ! ಈ ಮನೆಗೆ ಬಂದು ಆರು ವರ್ಷ ಆಯ್ತು, ಇವಳು ಕೂತಿದ್ದು ನಾನಂತೂ ನೋಡಿಲ್ಲ. ನೀನು ನೋಡಿದ್ಯೇನಪ್ಪ?”

ಎಸೆನ್ ನಿಯಮದ ಪುಸ್ತಕ ತಿರುವುತ್ತಾನೆ, ಮೂವತ್ತೊಂದನೇ ಪುಟ ಎರಡು ಸಲ ಓದುತ್ತಾನೆ. ಸೊನ್ನೆ ಬೀಳುವುದಿಲ್ಲ. ಉಳಿದ ನಾಲ್ಕು ಮನೆಗಳಲ್ಲೂ ಮೊದಲು ‘ಇಲ್ಲ’, ಆಮೇಲೆ ಕ್ಯಾನು, ಸಗಣಿ, ಉಣ್ಣೆ, ಕರು. ಹೊರಡುವಾಗ ಅವನು ಝೂರಾಕಾನ್ ಬಳಿ ಆ ಪದ ಕೇಳಿಕೊಂಡು ಫಾರಂ ಅಂಚಿನಲ್ಲಿ ಬರೆದುಕೊಳ್ಳುತ್ತಾನೆ.

ಮೂರು ವಾರದ ಮೇಲೆ ಆದೇಶ ಬಂದಿದೆ. ನೂರ ಎಪ್ಪತ್ತೊಂದೂ ಉಳಿದಿವೆ. ಸೆಪ್ಟೆಂಬರಿನಲ್ಲಿ ಶಾಲೆಯ ಒಂದು ಕೋಣೆಯಲ್ಲಿ ಶಿಶುವಿಹಾರ ತೆರೆಯಲಿದೆ. ಆದೇಶದಲ್ಲಿ ಝೂರಾಕಾನ್ ಹೆಸರಿಲ್ಲ. ಅವರು ಅದನ್ನು ಹುಡುಕಿಯೂ ಇಲ್ಲ.

ನಿಮಗೆ ಏನು ಬೇಕು ಎಂದು ಕೇಳಿದರೆ ಮುಖ ಮುಚ್ಚಿಕೊಂಡು ನಗುತ್ತಾರೆ. ಸ್ವಂತ ಮನೆಯ ಫಾರಂ ತಾವೇ ತುಂಬುವ ಹಾಗಿಲ್ಲ, ಅದೊಂದು ಬಾಕಿ ಇತ್ತೆಂದು ಹೋದ ವಾರ ಪಕ್ಕದ ಹಳ್ಳಿಯ ಸಮೀಕ್ಷೆ ಮಾಡುವ ಗುಲ್‌ಸುನ್ ಬಂದು ಅದೇ ಪ್ರಶ್ನೆ ಓದಿದಳಂತೆ.

“ಕುರಿ ಉಣ್ಣೆ ಕತ್ತರಿಸ್ತಾ ಇದ್ದೆ. ಬಾಯಿಂದ ತಾನಾಗೇ ಬಂತು ನೋಡಿ: ‘ಇಲ್ಲ ಕಣೇ, ಸಮೀಕ್ಷೆ ಮುಗೀತಲ್ಲ, ಈಗ ಮನೇಲೇ ಕೂತಿದ್ದೀನಿ.’ ಅವಳು ಬರ್ಕೊಂಡೂ ಬಿಟ್ಲು!” ನಗು ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಾರೆ. “ಪ್ರಶಸ್ತಿ-ಗಿಶಸ್ತಿ ಬೇಡ ನನಗೆ. ಆ ಪದಾನ ಅಚ್ಚಲ್ಲೇ ತಿದ್ದಿ ಕಳಿಸ್ಲಿ, ಸಾಕು. ನನ್ನ ಬಾಯಲ್ಲೇ ‘ಇಲ್ಲ’ ಅಂತ ಬಂತು ಅಂದ್ರೆ, ಇನ್ನುಳಿದವರ ಗತಿ ಏನು ಹೇಳಿ?”