ತಂಗಿಯ ಪ್ರಬಂಧ, ನನ್ನ ಫ್ಲೆಕ್ಸ್

ಇಂಡಿ ಪಟ್ಟಣದ ಬಸ್ ಸ್ಟ್ಯಾಂಡ್ ಹತ್ತಿರ, ನನ್ನ ಮೋಟಾರ್ ರಿವೈಂಡಿಂಗ್ ಅಂಗಡಿಯ ಎದುರಿನ ಕಂಬಕ್ಕೆ ಒಂದು ಫ್ಲೆಕ್ಸ್ ಕಟ್ಟಿಸಿದ್ದೆ. ಅದರಲ್ಲಿ ನನ್ನ ತಂಗಿಯ ಫೋಟೊ ದೊಡ್ಡದು, ಕೆಳಗೆ ಮೂಲೆಯಲ್ಲಿ ಕೈ ಮುಗಿದು ನಿಂತ ನಾನು. ಸಂಶೋಧನಾ ಪತ್ರಿಕೆಯಲ್ಲಿ ಅವಳ ಪ್ರಬಂಧ ಬಂದದ್ದಕ್ಕೆ ಹಾರ್ದಿಕ ಅಭಿನಂದನೆ ಎಂದು ಬರೆಸಿದ್ದೆ. ಪುಢಾರಿಗಳ ಹುಟ್ಟುಹಬ್ಬಕ್ಕೆಲ್ಲ ಫ್ಲೆಕ್ಸ್ ಕಟ್ಟುವ ಊರಿನಲ್ಲಿ ಓದಿದವಳಿಗೊಂದು ಕಟ್ಟಿದರೆ ತಪ್ಪೇನು?

ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ಅದಕ್ಕೆ ನಾಚಿಕೆಯಿಲ್ಲ. ಈ ಸುತ್ತಿನಲ್ಲಿ ನಾನು ಕಾಯಿಲ್ ಸುತ್ತಿದ ಮೋಟಾರು ನೀರೆತ್ತದ ನಿಂಬೆ ತೋಟ ಕಡಿಮೆ. ತಂಗಿ ಸಿಂದಗಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಪಂಪ್‌ಸೆಟ್ ಮೇಲಿಂದ ಮೇಲೆ ಸುಟ್ಟರೆ ರೈತರ ಮನೆಯಲ್ಲಿ ಏನೇನಾಗುತ್ತದೆ ಎಂಬುದು ಅವಳ ಪ್ರಬಂಧದ ವಿಷಯ. ಹಾಗಾಗಿ ಅದು ಅರ್ಧ ನನ್ನದೂ ಹೌದು. ರಜೆ ಸಿಕ್ಕಾಗಲೆಲ್ಲ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ನನ್ನ ಗಿರಾಕಿಗಳ ಹೊಲಗಳಿಗೆ ಹೋಗುತ್ತಿದ್ದೆ. ಅಗರಖೇಡ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳು, ಮುದ್ದೇಬಿಹಾಳ ದಾಟಿ ಹೊಳೆಯ ದಂಡೆಯ ತಂಗಡಗಿ. ಅವಳು ಕೇಳುವಳು, ಅವರು ಹೇಳುವರು, ಮೊಬೈಲಿನಲ್ಲಿ ರೆಕಾರ್ಡ್ ಆಗುವುದು. ತಂಗಡಗಿಯ ಒಬ್ಬ ಮುದುಕ ಮಾತ್ರ ಬಾಯಿ ಬಿಡಲಿಲ್ಲ.

“ಬರಕೊಂಡು ಹೋಗಾವ್ರು ಬಾಳ ಮಂದಿ ಬಂದ್ರವಾ. ಮಜ್ಜಿಗಿ ಕುಡದು ಹೋಗ್ರಿ” ಎಂದ. ಅಷ್ಟೇ. ಮಜ್ಜಿಗೆ ಚೆನ್ನಾಗಿತ್ತು.

ಫ್ಲೆಕ್ಸ್ ಕಟ್ಟಿದ ಕೆಲ ದಿನಗಳಿಗೆ ತಂಗಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತಳು.

“ಅಣ್ಣಾ, ಅದನ್ನ ಬಿಚ್ಚಿಸು.”

“ಯಾಕ, ಫೋಟೊ ಚಲೋ ಬಂದಿಲ್ಲೇನು?”

“ಪೇಪರ್ ವಾಪಸ್ ತಗೀರಿ ಅಂತ ಪತ್ರಿಕಿಯವ್ರಿಗೆ ಬರ್ಯಾಕತ್ತೇನಿ.”

ನಿಧಾನವಾಗಿ ಬಿಡಿಸಿ ಹೇಳಿದಳು. ಅವಳ ಇಂಗ್ಲಿಷು ಅಷ್ಟು ಸರಾಗವಲ್ಲ. ಕಳಿಸುವ ಗಡುವು ಹತ್ತಿರ ಬಂದಿತ್ತು. ಬರೆದುಕೊಂಡದ್ದನ್ನೆಲ್ಲ ಎಐಗೆ ಕೊಟ್ಟು ಪ್ರಬಂಧ ಬರೆಸಿದಳಂತೆ; ಈಗ ಎಲ್ಲರೂ ಹಾಗೇ ಮಾಡುತ್ತಾರಂತೆ. ಓದಿ, ತಿದ್ದಿ ಕಳಿಸಿದಳು. ಎಐ ಬಳಸಿದ್ದೀರಾ ಎಂದು ಪತ್ರಿಕೆಯವರು ಕೇಳಿದ್ದಕ್ಕೆ ಇಲ್ಲ ಎಂದಿದ್ದಳು. ಈಗ ತನ್ನ ವಿದ್ಯಾರ್ಥಿಗಳಿಗಾಗಿ ಅದನ್ನು ಕನ್ನಡದಲ್ಲಿ ಹೇಳಲು ಹೊರಟಾಗ ಒಂದು ಕಡೆ ನಿಂತುಬಿಟ್ಟಳು. ‘ಮೋಟಾರು ಸುಟ್ಟ ದಿನ ನನ್ನ ಮನೆಯಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ’ ಎಂದು ತಂಗಡಗಿಯ ವೃದ್ಧ ರೈತರೊಬ್ಬರು ಹೇಳಿದರು, ಎಂದಿತ್ತು. ರೆಕಾರ್ಡುಗಳನ್ನೆಲ್ಲ ಮತ್ತೆ ಕೇಳಿದಳು. ಯಾವ ಊರಿನ ಯಾರೂ ಆ ಮಾತು ಆಡಿರಲಿಲ್ಲ.

“ಮಾತು ಚಲೋನ ಐತಲ್ಲ” ಎಂದೆ. “ಆ ಮುದುಕ ಬಾಯಿ ಬಿಟ್ಟಿದ್ರ ಹಿಂಗ ಅಂತಿದ್ದ.”

“ಅಂದಿಲ್ಲಲ್ಲ.”

“ಅವಗ ಇಂಗ್ಲಿಷ್ ಬರೂದಿಲ್ಲ. ಇಂಗ್ಲಿಷ್ ಓದಾವ್ರಿಗೆ ತಂಗಡಗಿ ಗೊತ್ತಿಲ್ಲ. ಯಾರು ಬಂದು ಕೇಳ್ತಾರ?”

ನನಗೆ ಭಯವಾಗಿತ್ತು, ಅದು ಸಿಟ್ಟಾಗಿ ಹೊರಬಂತು. ಅತಿಥಿ ಉಪನ್ಯಾಸಕಿಯ ಕೆಲಸವೆಂದರೆ ವರ್ಷ ವರ್ಷವೂ ಹೊಸದಾಗಿ ಕೈ ಚಾಚಬೇಕು. ಈ ಪ್ರಬಂಧ ಬಂದಿದೆಯೆಂದೇ ಮುಂದಿನ ವರ್ಷದ ಮೇಲೆ ಆಸೆ ಇತ್ತು.

“ಎಲ್ಲಾರೂ ಮಾಡ್ತಾರಂತ ನೀನ ಅಂದಿ. ನೀ ಒಬ್ಬಾಕಿನ ಸತ್ಯದ ಗುತ್ತಿಗಿ ಹಿಡದೀಯೇನು? ಕೆಲಸ ಹೋದ್ರ ಏನ್ ಮಾಡ್ತಿ, ನನ್ನ ಕೂಡ ವಾರ್ನಿಶ್ ಹಚ್ಚಾಕ ಬರ್ತೀಯಾ?”

ಪಕ್ಕದ ವೆಲ್ಡಿಂಗ್ ಅಂಗಡಿಯ ಕಾಕಾ ಮಷೀನು ನಿಲ್ಲಿಸಿ ಇತ್ತ ನೋಡಿದರು.

ತಂಗಿ ಕೈ ಚಾಚಿ ಕೆಂಪು ದಾರದ ಉಂಡೆ ಎತ್ತಿಕೊಂಡಳು. ನಾನೇ ತಂತಿ ಸುತ್ತಿದ ಮೋಟಾರಿನೊಳಗೆ, ವಾರ್ನಿಶ್ ಹಾಕುವ ಮುಂಚೆ, ಕೆಂಪು ದಾರದ ಗಂಟು ಕಟ್ಟುವುದು ನನ್ನ ರೂಢಿ. ಮುಂದೆ ಅದು ಸುಟ್ಟು ಯಾರ ಅಂಗಡಿಯಲ್ಲಿ ತೆರೆದರೂ ಇವನ ಕೈಯದು ಎಂದು ಗೊತ್ತಾಗಬೇಕು. ಪೇಟೆಯಲ್ಲಿ ಸುತ್ತಿಯೇ ಸಿಗುವ ರೆಡಿ ಕಾಯಿಲ್ ಹಾಕಿದರೆ ಬಿಳಿ ದಾರ, ಗಿರಾಕಿಗೂ ಹೇಳುತ್ತೇನೆ. ರೆಡಿ ಕಾಯಿಲ್ ಕೆಟ್ಟದ್ದೆಂದಲ್ಲ. ಕೆಲವು ಸಲ ನನ್ನದಕ್ಕಿಂತ ಚೆನ್ನಾಗಿಯೇ ಇರುತ್ತದೆ. ಶಾಲೆಗೆ ಹೋಗುವಾಗ ಈ ಗಂಟುಗಳನ್ನು ಕಟ್ಟುತ್ತಿದ್ದವಳು ಅವಳೇ.

“ಸಣ್ಣಾಕಿ ಇದ್ದಾಗ ಒಮ್ಮೆ ರೆಡಿ ಕಾಯಿಲ್‌ಗೆ ಕೆಂಪು ದಾರ ಕಟ್ಟಿದ್ನಿ. ವಾರ್ನಿಶ್ ಒಣಗಿದ್ರೂ ನೀ ಕತ್ತರಿಸಿ ಒಗದಿದ್ದಿ. ನೆನಪೈತೇನು?”

“ಮೋಟಾರ ಬ್ಯಾರೆ, ಪೇಪರ್ ಬ್ಯಾರೆ.”

“ಹೌದು. ಕೆಟ್ಟ ಮೋಟಾರ ಸುಟ್ಟು ವಾಪಸ್ ಬರ್ತೈತಿ. ಪೇಪರ್ ಬರೂದಿಲ್ಲ. ಇನ್ನೊಬ್ಬಾವ ಓದಿ, ಖರೇ ಅಂತ ತಿಳದು, ತನ್ನ ಪೇಪರಿನಾಗ ಹಾಕೋತಾನ.”

ಆ ಸಂಜೆ ಬರೆದು ಕಳಿಸಿದಳು. ಎಐ ಎಲ್ಲೆಲ್ಲಿ ಬರೆಯಿತು, ಯಾವ ಮಾತು ಯಾರದೂ ಅಲ್ಲ, ಎಲ್ಲವನ್ನೂ. ಪ್ರಾಚಾರ್ಯರಿಗೂ ತಾನೇ ಹೋಗಿ ಹೇಳಿದಳು. ಪತ್ರಿಕೆಯವರು ಪ್ರಬಂಧ ತೆಗೆದರು. ಹೊಸದಾಗಿ ಬರೆದು ಕಳಿಸಬಹುದು, ಆದರೆ ಭರವಸೆ ಕೊಡಲಾರೆವು ಎಂದರು. ಪ್ರಾಚಾರ್ಯರು ‘ನೋಡೋಣ’ ಎಂದರಂತೆ. ಆ ‘ನೋಡೋಣ’ದಲ್ಲೇ ಇನ್ನೂ ಇದ್ದೇವೆ.

ಫ್ಲೆಕ್ಸ್ ಬಿಚ್ಚಲು ನಾನೇ ಏಣಿ ಹತ್ತಿದೆ. ಕೆಳಗೆ ಕಾಕಾ ಹಿಡಿದುಕೊಂಡಿದ್ದರು.

“ಯಾಕೋ ಸಾವ್ಕಾರ, ಇಷ್ಟ್ ಲಗೂನ? ಪುಢಾರಿಗಳ್ದು ಹರಿಯೂ ತನಕ ಇರ್ತಾವಲ್ಲ!”

ಗಾಳಿಗೆ ಹರಿಯಿತು ಎನ್ನೋಣವೆಂದಿದ್ದೆ. “ಪೇಪರಿನಾಗ ಒಂದ್ ಮಾತು ಸುಳ್ಳಿತ್ತು ಕಾಕಾ. ಅದಕ್ಕ ವಾಪಸ್ ತಗೊಂಡ್ಲು” ಎಂದುಬಿಟ್ಟೆ.

“ಸುಳ್ಳಂತ ಹಿಡದಾವ್ರು ಯಾರು?”

“ಆಕಿನ.”

“ಹಂಗಾರ ಬಿಚ್ಚೂದ್ಯಾಕೋ ಮಾರಾಯಾ?”

ಇನ್ನೊಂದು ಮೆಟ್ಟಿಲು ಹತ್ತಿದೆ. ಹಗ್ಗ ಬಿಚ್ಚಿದೆ. ಅದೀಗ ಮನೆಯ ಹಿಂದೆ ಜೋಳದ ಕಣಿಕೆ ಬಣವೆಗೆ ಹೊದಿಕೆಯಾಗಿದೆ.

ಹೋದ ಭಾನುವಾರ ಮತ್ತೆ ತಂಗಡಗಿಗೆ ಹೋಗೋಣ ಎಂದಳು.

“ಆ ಮುದುಕ ಮತ್ತ ಮಾತಾಡ್ಲಿಲ್ಲಂದ್ರ?”

“ಮಾತಾಡ್ಲಿಲ್ಲಂತ ಬರೀತೇನಿ.”

ಮುದುಕ ಈ ಸಲವೂ ಮಜ್ಜಿಗೆಯನ್ನೇ ಕೊಟ್ಟ. ಅವಳು ಅದನ್ನೇ ಬರೆದುಕೊಂಡಳು. ಬೈಕು ಹತ್ತುವಾಗ, ಕಾಲೇಜಿನಿಂದ ಸುದ್ದಿ ಬಂತೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಕಿಕ್ ಹೊಡೆದೆ.