ಹನುಮಕ್ಕನ ಬಲಗಡೆಯ ಹೃದಯ

ಒಲೆಯ ಮೇಲಿನ ಹಾಲು ಉಕ್ಕುವ ಮುನ್ನವೇ ಓಡಿಬಂದು ಗ್ಯಾಸ್ ಆರಿಸಿ ಉಸ್ಸೆನ್ನುವಾಗ ನಮ್ಮ ಕೈ ತಾನಾಗಿಯೇ ಎದೆಯ ಎಡಭಾಗಕ್ಕೆ ಹೋಗಿರುತ್ತದೆ, ಗಮನಿಸಿದ್ದೀರಾ? ದಾವಣಗೆರೆಯಲ್ಲಿ ಅರಿವಳಿಕೆ ವೈದ್ಯೆಯಾಗಿ, ಹೃದಯದ ಶಸ್ತ್ರಚಿಕಿತ್ಸೆಗೆ ಬಂದವರನ್ನು ಮಲಗಿಸಿ ಎಬ್ಬಿಸುವುದೇ ಕಸುಬಾದ ನನಗೂ ಆ ಎಡದ ಬಗ್ಗೆ ಅನುಮಾನ ಬಂದಿರಲಿಲ್ಲ, ಹರಿಹರದ ಹನುಮಕ್ಕ ಬರುವವರೆಗೆ.

ಹನುಮಕ್ಕ ಮನೆಯಲ್ಲೇ ರವಿಕೆ ಹೊಲಿಯುವಾಕೆ. ಮೆಟ್ಟಿಲೇರಿದರೆ ಏದುಸಿರು, ಹೃದಯದ ಕವಾಟವೊಂದು ಕಿರಿದಾಗಿತ್ತು. ಪರೀಕ್ಷೆ ಮಾಡಿದಾಗ ಇನ್ನೊಂದು ಸಂಗತಿಯೂ ಹೊರಬಿತ್ತು: ಹೃದಯ ಬಲಕ್ಕೆ, ಯಕೃತ್ತು ಎಡಕ್ಕೆ, ಒಳಗಿನದೆಲ್ಲ ಕನ್ನಡಿಯಲ್ಲಿ ಕಂಡಂತೆ ಅದಲುಬದಲು. ಐವತ್ತು ದಾಟಿದರೂ ಆಕೆಗೇ ಅದು ಗೊತ್ತಿರಲಿಲ್ಲ.

"ಅದಕ್ಕ ನೋಡ್ರಿ ಮೇಡಂ, ನಾನು ಏನ್ ಹೇಳಿದ್ರೂ ಈಕಿಗೆ ಉಲ್ಟಾ ಕೇಳ್ತಿತ್ತು," ಎಂದರು, ದಾವಣಗೆರೆ ಪಕ್ಕದ ಕರೂರಿನ ಕಾರ್ಖಾನೆಯೊಂದರಲ್ಲಿ ದುಡಿಯುವ ಗಂಡ ಬಸಪ್ಪ.

ಹನುಮಕ್ಕ ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು: "ನಿದ್ದಿ ಬಂದ ಮ್ಯಾಲೆ ನನ್ನ ಯಾರ್ ನೋಡ್ಕೊಂತಾರ್ರಿ?"

"ನಾನೇ. ನೀವು ಏಳೋತನಕ ತಲೆ ಹತ್ರಾನೇ ಇರ್ತೀನಿ."

ಪರಿಚಯವೇ ಇಲ್ಲದವರ ಕೈಗೆ ಉಸಿರನ್ನೇ ಒಪ್ಪಿಸಿ ಕಣ್ಣು ಮುಚ್ಚುವ ಧೈರ್ಯ ಜನಕ್ಕೆ ಎಲ್ಲಿಂದ ಬರುತ್ತದೋ ನನಗಿನ್ನೂ ತಿಳಿದಿಲ್ಲ. ಆ ಧೈರ್ಯಕ್ಕೆ ತಕ್ಕಂತೆ ನಡೆದುಕೊಳ್ಳಬೇಕಲ್ಲ! ಸಾಮಾನ್ಯವಾಗಿ ಕತ್ತಿನ ಬಲಗಡೆಯ ರಕ್ತನಾಳದಿಂದ ಹೃದಯದತ್ತ ನಳಿಕೆ ಇಳಿಸುತ್ತೇವೆ. ಈಕೆಗೆ ನೇರ ದಾರಿ ಎಡಗಡೆಯದು. ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ಮನೆಯಲ್ಲಿ ನಮ್ಮ ಯಜಮಾನರನ್ನು ಸೋಫಾದ ಮೇಲೆ ಮಲಗಿಸಿ, ಎಡಬದಿಯಿಂದ ಬರಿಗೈಯಲ್ಲೇ ತಾಲೀಮು ನಡೆಸಿದೆ. ಯಾವ ಔಷಧಿಯೂ ಇಲ್ಲದೆ ಅವರು ಗೊರಕೆ ಹೊಡೆಯತೊಡಗಿದರು.

ಮರುದಿನ ನಳಿಕೆ ತಕರಾರಿಲ್ಲದೆ ಇಳಿಯಿತು. ಶಸ್ತ್ರವೈದ್ಯರು ಕವಾಟ ಬದಲಿಸಿದರು. ಆದರೆ ಅದಕ್ಕಾಗಿ ನಿಲ್ಲಿಸಿದ್ದ ಹೃದಯಕ್ಕೆ ಮತ್ತೆ ರಕ್ತ ಹರಿಸಿದಾಗ ಅದು ಮಿಡಿಯಲಿಲ್ಲ, ಸುಮ್ಮನೆ ಅದುರಿತು. ವಿದ್ಯುತ್ ಆಘಾತ ಕೊಟ್ಟರು. ನನ್ನ ಕೈ ಆಕೆಯ ಹಣೆಯ ಮೇಲಿತ್ತು. ಪರದೆಯ ಮೇಲೆ ಒಂದು ಗೆರೆ ಎದ್ದಿತು, ಅದರ ಹಿಂದೆ ಇನ್ನೊಂದು. "ಬಂತು," ಎಂದರು ಶಸ್ತ್ರವೈದ್ಯರು. ಆಗಲೇ ನಾನೂ ಉಸಿರಾಡಿದ್ದು.

ಮಾರನೆಯ ಮಧ್ಯಾಹ್ನ, ಗಂಟಲಿನ ನಳಿಕೆ ತೆಗೆದ ಮೇಲೆ, ಬಸಪ್ಪನವರನ್ನು ಒಳಗೆ ಕರೆದೆ. ತಮಾಷೆಯೆಲ್ಲ ಮರೆತುಹೋಗಿ ಮಂಚದ ಕಂಬಿ ಹಿಡಿದು ನಿಂತರು.

"ಉಂಡ್ರ್ಯಾ?" ಹನುಮಕ್ಕನ ದನಿ ಒಡೆದಿತ್ತು.

"ಹ್ಞೂಂ, ಉಂಡೆ."

"ಸುಳ್ಳು ಹೇಳ್ತಾರ್ರಿ ಮೇಡಂ. ಮುಖ ನೋಡ್ರಿ."

ಬಸಪ್ಪ ನಗುತ್ತಲೇ ಕಣ್ಣೊರೆಸಿಕೊಂಡರು. ಬೆಳಗಿನಿಂದ ನಾನೂ ಏನೂ ತಿಂದಿಲ್ಲವೆಂಬುದು ನೆನಪಾಗಿ, ಅವರನ್ನು ಕರೆದುಕೊಂಡು ಕ್ಯಾಂಟೀನಿಗೆ ಇಳಿದೆ. ಬಸಪ್ಪ ಎರಡು ಸಲ ಅನ್ನ ಹಾಕಿಸಿಕೊಂಡರು.